ಜಾಗ ಕಡಿಮೆ ಇದ್ದಾಗ ವರ್ಚುವಲ್ ಮಷೀನ್‌ಗೆ ಬ್ಯಾಕಪ್ ಇಡುವ ಬಗೆ

ತುಂಗಭದ್ರೆಯ ಆ ದಡದಲ್ಲಿ ರಾಯಚೂರು ಜಿಲ್ಲೆ, ಈ ದಡದಲ್ಲಿ ಮಾಧವರಂ. ಸೇತುವೆ ದಾಟಿದರೆ ರಾಜ್ಯ ಬದಲಾಗುತ್ತದೆ, ಮಾತು ಅಷ್ಟಾಗಿ ಬದಲಾಗುವುದಿಲ್ಲ. ಹೀಗಾಗಿ ಮಾಧವರಂ, ಮಂತ್ರಾಲಯ, ಕೋಸಿಗಿ, ಆದೋನಿ ಕಡೆಯ ಡಿಟಿಪಿ ಅಂಗಡಿಗೆ ಬೆಳಿಗ್ಗೆ ತೆಲುಗಿನ ಶುಭಲೇಖ ಬಂದರೆ ಮಧ್ಯಾಹ್ನ ಕನ್ನಡದ ಲಗ್ನಪತ್ರಿಕೆ ಬರುತ್ತದೆ. ಒಂದೇ ಮದುವೆಗೆ ಎರಡೂ ಭಾಷೆಯಲ್ಲಿ ಬೇಕು ಎನ್ನುವ ಬೀಗರೂ ಉಂಟು!

ಈ ಕೆಲಸ ಬಹಳ ಕಡೆ ಇನ್ನೂ ನಡೆಯುವುದು ಹಳೆಯ ತಂತ್ರಾಂಶಗಳ ಮೇಲೆ. ಪುಟ ಕಟ್ಟಲು ಪೇಜ್‌ಮೇಕರ್, ತೆಲುಗಿಗೆ ಅನು, ಕನ್ನಡಕ್ಕೆ ನುಡಿ, ಬರಹ ಅಥವಾ ಶ್ರೀಲಿಪಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಹೊರಬಂದದ್ದು 2001ರಲ್ಲಿ. ಅದು ಹಾಯಾಗಿ ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. ಆದರೂ ಇವನ್ನು ಬಿಡಲಾಗದಿರುವುದಕ್ಕೆ ಕಾರಣ ಫಾಂಟು. ಯೂನಿಕೋಡ್‌ಗೆ ಮೊದಲಿನ ಈ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಸಂಖ್ಯೆಗಳ ಮೇಲೆಯೇ ಕನ್ನಡ, ತೆಲುಗು ಅಕ್ಷರಗಳ ತುಂಡುಗಳನ್ನು ಕೂರಿಸಲಾಗಿತ್ತು. ಅದೇ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಮಾತ್ರ.

ಹಳೆಯ ಗಣಕ ಕೆಟ್ಟಾಗ ಅಂಗಡಿಯವರಿಗೆ ಉಳಿಯುವ ದಾರಿ ಒಂದೇ. ಹೊಸ ಗಣಕ ಕೊಂಡು, ಅದರೊಳಗೆ ವರ್ಚುವಲ್ ಮಷೀನ್ ಮಾಡಿ, ಅದರಲ್ಲಿ ಎಕ್ಸ್‌ಪಿಯನ್ನೂ ಪೇಜ್‌ಮೇಕರನ್ನೂ ಕೂರಿಸುವುದು. ಆದೋನಿಯ ಹತ್ತಿ ವ್ಯಾಪಾರಸ್ಥರಲ್ಲಿ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಲು ಹಳೆಯ ಟ್ಯಾಲಿಯನ್ನು ಹೀಗೆ ಇಟ್ಟುಕೊಳ್ಳುವವರಿಗೂ ಈ ಮುಂದಿನ ಮಾತೆಲ್ಲ ಅನ್ವಯಿಸುತ್ತದೆ.

ಅಂತಹ ಮಷೀನಿನೊಳಗೆ ಇರುವುದು ಬರೀ ಲಗ್ನಪತ್ರಿಕೆಯಲ್ಲ. ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಊರಿನವರೊಬ್ಬರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ತತ್ವಪದಗಳ ಪುಸ್ತಕ... ಬರೆದವರು ತೀರಿಹೋಗಿ, ಅಚ್ಚಾದ ಪ್ರತಿಗಳು ಗೆದ್ದಲು ಹಿಡಿದ ಮೇಲೆ ಆ ಪುಸ್ತಕಕ್ಕೆ ಉಳಿದ ಒಂದೇ ನೆಲೆ ಈ ಕಡತವಾಗಿರಬಹುದು. ಅದು ಹೋದರೆ ಗಿರಾಕಿಯ ಹತ್ತಿರ ಕ್ಷಮೆ ಕೇಳಿ ಮುಗಿಯುವ ಸಂಗತಿಯಲ್ಲ.

ಒಳಗಿನ ಗಣಕ ಎಂದರೇನು?

ವರ್ಚುವಲ್ ಮಷೀನ್ ಅಂದರೆ ಗಣಕದೊಳಗೆ ಓಡುವ ಇನ್ನೊಂದು ಗಣಕ. ಅದಕ್ಕೆ ಬೇರೆ ಪೆಟ್ಟಿಗೆ ಇಲ್ಲ, ಬೇರೆ ಮದರ್‌ಬೋರ್ಡ್ ಇಲ್ಲ. ವರ್ಚುವಲ್‌ಬಾಕ್ಸ್, ವಿಎಂವೇರ್, ಹೈಪರ್-ವಿ ಮುಂತಾದ ತಂತ್ರಾಂಶಗಳು ಹೊರಗಿನ ಗಣಕದ ಮೆಮೊರಿ, ಪ್ರೊಸೆಸರ್‌ಗಳಲ್ಲಿ ಒಂದು ಪಾಲು ಕೊಟ್ಟು ಅದನ್ನು ನಡೆಸುತ್ತವೆ. ವರ್ಚುವಲ್‌ಬಾಕ್ಸ್ ಅನ್ನು 2007ರಲ್ಲಿ ಹೊರತಂದದ್ದು ಜರ್ಮನಿಯ ಇನ್ನೊಟೆಕ್ ಕಂಪನಿ. ಸನ್ ಕಂಪನಿಯ ಮೂಲಕ 2010ರಲ್ಲಿ ಅದು ಒರಾಕಲ್ ಕೈ ಸೇರಿತು. ದುಡ್ಡಿಲ್ಲದೆ ಸಿಗುವುದರಿಂದ ಸಣ್ಣ ಅಂಗಡಿಗೆ ಅದೇ ಅನುಕೂಲ. ಇಲ್ಲಿನ ಉದಾಹರಣೆಗಳೂ ಅದರವೇ.

ಹೊರಗಿನಿಂದ ನೋಡಿದರೆ ಈ ಒಳಗಿನ ಗಣಕ ಒಂದು ಫೋಲ್ಡರ್, ಅಷ್ಟೇ. ಅದರಲ್ಲಿ ಕೆಲವೇ ಕೆಬಿ ಗಾತ್ರದ ಒಂದು ಸೆಟ್ಟಿಂಗ್ ಕಡತ ಇರುತ್ತದೆ: ಎಷ್ಟು ಮೆಮೊರಿ, ಯಾವ ನೆಟ್‌ವರ್ಕ್ ಕಾರ್ಡ್ ಎಂಬ ವಿವರ. ಜೊತೆಗೆ ಹಲವು ಜಿಬಿ ಗಾತ್ರದ ಒಂದು ಡಿಸ್ಕ್ ಕಡತ. ಒಳಗಿನ ವಿಂಡೋಸ್ ಯಾವುದನ್ನು ಸಿ ಡ್ರೈವ್ ಎಂದುಕೊಂಡಿದೆಯೋ ಅದು ಹೊರಗಿನ ಗಣಕಕ್ಕೆ ಒಂದೇ ಒಂದು ದೊಡ್ಡ ಫೈಲು.

ಅನುಕೂಲವೂ ಇಲ್ಲೇ, ಅಪಾಯವೂ ಇಲ್ಲೇ. ಫೋಲ್ಡರ್ ನಕಲು ಮಾಡಿದರೆ ಇಡೀ ಗಣಕವೇ ನಕಲಾಗುತ್ತದೆ. ಆದರೆ ಹತ್ತು ವರ್ಷದ ಸಾವಿರಾರು ಕಡತಗಳು ಒಂದೇ ಮೂಟೆಯಲ್ಲಿರುವುದರಿಂದ ಮೂಟೆ ಹರಿದರೆ ಎಲ್ಲವೂ ಒಟ್ಟಿಗೇ ಚೆಲ್ಲುತ್ತದೆ. ಮತ್ತು ಆ ಮೂಟೆಯಲ್ಲಿ ಒಂದು ಕಾಳು ಬದಲಾದರೂ ಮಾಮೂಲಿ ನಕಲು ತಂತ್ರಾಂಶ ಇಡೀ ಮೂಟೆಯನ್ನೇ ಮತ್ತೆ ಹೊರುತ್ತದೆ. 256 ಜಿಬಿಯ ಎಸ್‌ಎಸ್‌ಡಿ, ಹಳೆಯದೊಂದು 500 ಜಿಬಿ ಎಕ್ಸ್‌ಟರ್ನಲ್ ಡಿಸ್ಕ್ ಇರುವ ಅಂಗಡಿಯಲ್ಲಿ ಜಾಗ ಸಾಲದೇ ಬರುವುದು ಇದೇ ಕಾರಣಕ್ಕೆ. (ಆ 500 ಜಿಬಿ ಕೂಡ ವಿಂಡೋಸ್‌ನಲ್ಲಿ 465 ಎಂದೇ ಕಾಣುತ್ತದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಅಂಗಡಿಯವನು ಮೋಸ ಮಾಡಿದ್ದಲ್ಲ.)

ಜಾಗ ಎಲ್ಲಿ ಸೋರುತ್ತದೆ?

ವರ್ಚುವಲ್ ಡಿಸ್ಕ್‌ನಲ್ಲಿ ಎರಡು ಬಗೆ. ಮೊದಲನೆಯದು 40 ಜಿಬಿ ಎಂದರೆ ಮೊದಲ ದಿನವೇ 40 ಜಿಬಿ ಹಿಡಿದುಕೊಂಡು ಕೂರುವಂಥದ್ದು. ಎರಡನೆಯದು ಬಳಸಿದಷ್ಟೇ ಬೆಳೆಯುವಂಥದ್ದು. ಸಾಮಾನ್ಯವಾಗಿ ಎಲ್ಲರೂ ಎರಡನೆಯದನ್ನೇ ಆರಿಸುತ್ತಾರೆ, ಅದು ಸರಿ ಕೂಡ. ಆದರೆ ಈ ಡಿಸ್ಕ್ ಬೆಳೆಯಲು ಬಲ್ಲದೇ ಹೊರತು ತಾನಾಗಿ ಕುಗ್ಗಲಾರದು. ಒಳಗೆ 10 ಜಿಬಿ ಫೋಟೊ ಹಾಕಿ ಕೆಲಸ ಮುಗಿದ ಮೇಲೆ ಅಳಿಸಿದರೂ ಹೊರಗಿನ ಕಡತ ಹಾಗೇ ಉಬ್ಬಿಕೊಂಡಿರುತ್ತದೆ. ಒಳಗಿನ ವಿಂಡೋಸ್ ತನ್ನ ಪಟ್ಟಿಯಿಂದ ಹೆಸರು ಹೊಡೆದುಹಾಕಿದೆ ಅಷ್ಟೇ; ಆ ಜಾಗ ಖಾಲಿಯಾದ ಸುದ್ದಿ ಹೊರಗಿನವರಿಗೆ ಮುಟ್ಟಿಲ್ಲ.

ಅದನ್ನು ಮುಟ್ಟಿಸುವ ಕ್ರಮ ಹೀಗಿದೆ. ಮೊದಲು ಒಳಗಿನ ಎಕ್ಸ್‌ಪಿಯಲ್ಲಿ ಬೇಡದ್ದನ್ನೆಲ್ಲ ಅಳಿಸಿ ರಿಸೈಕಲ್ ಬಿನ್ ಖಾಲಿ ಮಾಡಬೇಕು. ಆಮೇಲೆ ಖಾಲಿ ಜಾಗವನ್ನೆಲ್ಲ ಸೊನ್ನೆಯಿಂದ ತುಂಬಬೇಕು. ಇದಕ್ಕೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ವಿಭಾಗದ ಎಸ್‌ಡಿಲೀಟ್ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ಎಕ್ಸ್‌ಪಿಯಲ್ಲಿ ಅದರ ಹಳೆಯ ಆವೃತ್ತಿ ಬೇಕಾಗುತ್ತದೆ. ನಂತರ ಒಳಗಿನ ಗಣಕವನ್ನು ಪೂರ್ತಿ ಮುಚ್ಚಿ, ಹೊರಗಿನಿಂದ ವರ್ಚುವಲ್‌ಬಾಕ್ಸ್‌ನ ವಿಬಾಕ್ಸ್‌ಮ್ಯಾನೇಜ್ ಕಮಾಂಡಿನಲ್ಲಿ ಕಾಂಪ್ಯಾಕ್ಟ್ ಆಯ್ಕೆ ಕೊಟ್ಟರೆ ಸೊನ್ನೆ ತುಂಬಿದ ಭಾಗಗಳನ್ನು ಅದು ಕಿತ್ತುಹಾಕುತ್ತದೆ. ವಿಡಿಐ ಬಗೆಯ ಡಿಸ್ಕ್‌ಗೆ ಈ ಉಪಾಯ ನಡೆಯುತ್ತದೆ. ವಿಎಂವೇರ್‌ನ ವಿಎಂಡಿಕೆ ಬಗೆಯದಾದರೆ ವಿಎಂವೇರ್‌ನದೇ ಸಾಧನ ಬೇಕು. ಇಷ್ಟಕ್ಕೆ ಕೈ ಹಾಕುವ ಮೊದಲು ಒಂದು ನಕಲು ಬೇರೆ ಡಿಸ್ಕಿನಲ್ಲಿ ಇರಲೇಬೇಕು. ನಡುವೆ ಕರೆಂಟ್ ಹೋದರೆ ಡಿಸ್ಕ್ ಕಡತವೇ ಕೆಡುವ ಸಂಭವವಿದೆ. ಯುಪಿಎಸ್ ಇಲ್ಲದವರು, ಲೋಡ್ ಇಳಿದು ಕರೆಂಟ್ ನಿಲ್ಲುವ ಹೊತ್ತು ನೋಡಿಕೊಂಡು ಮಾಡುವುದು ಕ್ಷೇಮ.

ಇನ್ನೊಂದು ಸೋರಿಕೆ ಪೇಜ್‌ಫೈಲ್. ಮೆಮೊರಿ ಸಾಲದಾಗ ಬಳಸಲೆಂದು ಎಕ್ಸ್‌ಪಿ ತನ್ನ ಮೆಮೊರಿಯ ಒಂದೂವರೆ ಪಟ್ಟು ಜಾಗವನ್ನು ಡಿಸ್ಕಿನಲ್ಲಿ ಹಿಡಿದಿಡುತ್ತದೆ. 512 ಎಂಬಿ ಕೊಟ್ಟಿದ್ದರೆ ಅದು 768 ಎಂಬಿ. ಗಣಕ ಮುಚ್ಚಿದ ಮೇಲೆ ಅದರಲ್ಲಿರುವುದು ಬರೀ ಕಸ, ಆದರೂ ಪ್ರತಿ ಬ್ಯಾಕಪ್‌ನಲ್ಲೂ ಅದು ಸವಾರಿ ಮಾಡುತ್ತದೆ. ದಿನವೂ ಬದಲಾಗುವುದರಿಂದ ಬದಲಾದಷ್ಟನ್ನೇ ನಕಲು ಮಾಡುವ ತಂತ್ರಾಂಶಕ್ಕೂ ಇದರ ಕಾಟ. ಪೇಜ್‌ಫೈಲ್ ಮತ್ತು ತಾತ್ಕಾಲಿಕ ಕಡತಗಳಿಗೆಂದೇ ಎರಡು ಜಿಬಿಯ ಬೇರೊಂದು ವರ್ಚುವಲ್ ಡಿಸ್ಕ್ ಮಾಡಿ, ಆ ಡಿಸ್ಕನ್ನು ಬ್ಯಾಕಪ್‌ನಿಂದ ಹೊರಗಿಡುವುದು ಬಲ್ಲವರ ರೂಢಿ. ಹೈಬರ್ನೇಟ್ ಆಯ್ಕೆಯನ್ನು ತೆಗೆದುಹಾಕಿದರೆ ಮೆಮೊರಿಯಷ್ಟೇ ಗಾತ್ರದ ಮತ್ತೊಂದು ಕಡತ ಮಾಯವಾಗುತ್ತದೆ.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ

ಅತಿ ಹೆಚ್ಚು ಜನ ಮೋಸ ಹೋಗುವುದು ಇಲ್ಲಿ. ವರ್ಚುವಲ್‌ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ಎಂಬ ಗುಂಡಿ ಇದೆ. ಒತ್ತಿದರೆ ಆ ಕ್ಷಣದ ಸ್ಥಿತಿ ಉಳಿಯುತ್ತದೆ, ಬೇಕಾದಾಗ ಹಿಂದಿರುಗಬಹುದು. ಕ್ಷಣಾರ್ಧದಲ್ಲಿ ಆಗಿಬಿಡುವುದರಿಂದ "ಬ್ಯಾಕಪ್ ಆಯಿತು" ಎಂದು ಅನೇಕರು ನೆಮ್ಮದಿಯಾಗಿ ಮಲಗುತ್ತಾರೆ.

ನಿಜದಲ್ಲಿ ಆಗುವುದೇ ಬೇರೆ. ಸ್ನ್ಯಾಪ್‌ಶಾಟ್ ತೆಗೆದ ಕೂಡಲೇ ಮೂಲ ಡಿಸ್ಕ್ ಕಡತ ಅಲ್ಲಿಗೇ ಹೆಪ್ಪುಗಟ್ಟುತ್ತದೆ. ಅಲ್ಲಿಂದ ಮುಂದೆ ಮಾಡಿದ ಕೆಲಸವೆಲ್ಲ ಸ್ನ್ಯಾಪ್‌ಶಾಟ್ಸ್ ಎಂಬ ಒಳ ಫೋಲ್ಡರ್‌ನಲ್ಲಿ ಹುಟ್ಟುವ ಹೊಸ ಕಡತಕ್ಕೆ ಹೋಗುತ್ತದೆ. ಈ ಹೊಸ ಕಡತಕ್ಕೆ ಮೂಲವಿಲ್ಲದೆ ಅರ್ಥವಿಲ್ಲ. ಡಿಸ್ಕ್ ಸುಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕಿಂತ ಕೆಟ್ಟ ಪ್ರಸಂಗವೂ ಇದೆ. ಎರಡು ವರ್ಷದ ಹಿಂದೆ ಯಾವಾಗಲೋ ಸ್ನ್ಯಾಪ್‌ಶಾಟ್ ಒತ್ತಿ ಮರೆತವರು, ವಾರಕ್ಕೊಮ್ಮೆ ಶ್ರದ್ಧೆಯಿಂದ ಆ ದೊಡ್ಡ ಡಿಸ್ಕ್ ಕಡತವನ್ನು ಮಾತ್ರ ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲು ಮಾಡುತ್ತಿದ್ದರೆ ಅವರ ಕೈಯಲ್ಲಿ ಇರುವುದು ಎರಡು ವರ್ಷ ಹಳೆಯ ಸ್ಥಿತಿ ಮಾತ್ರ. ಪ್ರತಿ ವಾರವೂ ಅದೇ ಹಳೆಯದನ್ನೇ ಹೊತ್ತಂತಾಯಿತು! ಆದ್ದರಿಂದ ನಕಲು ಮಾಡುವುದಾದರೆ ಇಡೀ ಫೋಲ್ಡರ್ ನಕಲು ಮಾಡಬೇಕು.

ಜಾಗದ ಲೆಕ್ಕದಲ್ಲೂ ಸ್ನ್ಯಾಪ್‌ಶಾಟ್ ದುಬಾರಿ. ಅದು ದಿನೇ ದಿನೇ ಬೆಳೆಯುತ್ತದೆ. ಅಳಿಸಲು ಹೋದರೆ ಹೊಸ ಕಡತವನ್ನು ಮೂಲದೊಂದಿಗೆ ಬೆಸೆಯಬೇಕಾದ್ದರಿಂದ ತಾತ್ಕಾಲಿಕವಾಗಿ ಇನ್ನಷ್ಟು ಜಾಗ ಕೇಳುತ್ತದೆ. ಡಿಸ್ಕ್ ತುಂಬಿ ತುಳುಕುತ್ತಿರುವಾಗ ಜಾಗ ಮಾಡಲೆಂದು ಸ್ನ್ಯಾಪ್‌ಶಾಟ್ ಅಳಿಸಲು ಹೊರಟವರು ನಡುದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಹೊಸ ಫಾಂಟ್ ಹಾಕುವ ಮೊದಲು ಒಂದು ಸ್ನ್ಯಾಪ್‌ಶಾಟ್, ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಅದೇ ವಾರ ಅದನ್ನು ಅಳಿಸುವುದು. ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಅದನ್ನು ನಂಬಬಾರದು.

ಬೀಜ ಬೇರೆ, ಕಾಳು ಬೇರೆ

ರೈತರ ಮನೆಯಲ್ಲಿ ಬಿತ್ತನೆ ಬೀಜವನ್ನೂ ಉಣ್ಣುವ ಕಾಳನ್ನೂ ಒಂದೇ ಚೀಲಕ್ಕೆ ಹಾಕುವುದಿಲ್ಲ. ಜಾಗ ಕಡಿಮೆ ಇರುವವರ ಬ್ಯಾಕಪ್ ನಿಂತಿರುವುದೂ ಇದರ ಮೇಲೆಯೇ. ಎಕ್ಸ್‌ಪಿ, ಪೇಜ್‌ಮೇಕರ್, ಫಾಂಟುಗಳು ಒಮ್ಮೆ ಕೂರಿಸಿದ ಮೇಲೆ ತಿಂಗಳುಗಟ್ಟಲೆ ಬದಲಾಗುವುದಿಲ್ಲ. ಬದಲಾಗುವುದು ಆ ದಿನ ಕಟ್ಟಿದ ನಾಲ್ಕಾರು ಪತ್ರಿಕೆ, ಅವುಗಳ ಚಿತ್ರ. ಇವೆರಡನ್ನೂ ಬೇರ್ಪಡಿಸಿದರೆ ಜಾಗದ ಚಿಂತೆ ಬಹುಪಾಲು ಕರಗುತ್ತದೆ.

ಬೇರ್ಪಡಿಸಲು ಎರಡು ದಾರಿ. ಒಳಗಿನ ಗಣಕಕ್ಕೆ ಎರಡನೆಯ ವರ್ಚುವಲ್ ಡಿಸ್ಕ್ ಕೊಟ್ಟು, ಡಿ ಡ್ರೈವ್ ಎಂದು ಹೆಸರಿಟ್ಟು, ಕೆಲಸದ ಕಡತಗಳನ್ನೆಲ್ಲ ಅಲ್ಲೇ ಉಳಿಸುವುದು ಒಂದು. ಹೊರಗಿನ ಗಣಕದ ಒಂದು ಫೋಲ್ಡರನ್ನು ಒಳಗಿನದಕ್ಕೆ ಹಂಚಿಕೊಟ್ಟು ಅಲ್ಲಿ ಉಳಿಸುವುದು ಇನ್ನೊಂದು. ಎರಡನೆಯದರಲ್ಲಿ ಕಡತಗಳು ಮೂಟೆಯಿಂದ ಹೊರಗೆ ಬಿಡಿಬಿಡಿಯಾಗಿ ಇರುವುದರಿಂದ ಆ ದಿನ ಬದಲಾದವನ್ನು ಮಾತ್ರ ನಕಲು ಮಾಡುವುದು ಸುಲಭ. ಪೇಜ್‌ಮೇಕರ್ ಹಂಚಿದ ಫೋಲ್ಡರ್‌ನಲ್ಲಿ ನೇರವಾಗಿ ಉಳಿಸಲು ಕೆಲವೊಮ್ಮೆ ತಕರಾರು ತೆಗೆದರೆ, ಒಳಗೆ ಕೆಲಸ ಮಾಡಿ ಸಂಜೆ ಅಂಗಡಿ ಮುಚ್ಚುವ ಮೊದಲು ಹಂಚಿದ ಫೋಲ್ಡರ್‌ಗೆ ಎಳೆದು ಹಾಕಿದರಾಯಿತು.

ಲೆಕ್ಕ ಹಾಕಿ ನೋಡಬಹುದು. ಒಳಗಿನ ಗಣಕದ ಗಾತ್ರ 8 ಜಿಬಿ, ದಿನದ ಹೊಸ ಕೆಲಸ 50 ಎಂಬಿ ಎಂದು ಇಟ್ಟುಕೊಳ್ಳೋಣ. ದಿನವೂ ಪೂರ್ತಿ ನಕಲು ಮಾಡಿ ತಿಂಗಳು ಇಟ್ಟರೆ 240 ಜಿಬಿ. ಬೇರ್ಪಡಿಸಿದರೆ ಈ ತಿಂಗಳದ್ದೊಂದು, ಹೋದ ತಿಂಗಳದ್ದೊಂದು ಪೂರ್ತಿ ನಕಲಿಗೆ 16 ಜಿಬಿ, ಮೂವತ್ತು ದಿನದ ಕೆಲಸಕ್ಕೆ ಒಂದೂವರೆ ಜಿಬಿ. ಒಟ್ಟು ಹದಿನೇಳೂವರೆ! ಪೂರ್ತಿ ನಕಲನ್ನು ಸೆವೆನ್-ಜಿಪ್‌ನಂಥ ಉಚಿತ ತಂತ್ರಾಂಶದಲ್ಲಿ ಅದುಮಿದರೆ ಇನ್ನೂ ಇಳಿಯುತ್ತದೆ. ಮೊದಲೇ ಸೊನ್ನೆ ತುಂಬಿದ್ದರೆ ಚೆನ್ನಾಗಿ ಇಳಿಯುತ್ತದೆ; ಸೊನ್ನೆಗಳ ಸಾಲು ಅದುಮಿದಾಗ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ನಕಲು ಮಾಡುವಾಗ ಒಳಗಿನ ಗಣಕವನ್ನು ಶಟ್‌ಡೌನ್ ಮಾಡಿರಬೇಕು. ಓಡುತ್ತಿರುವಾಗಲೇ ಡಿಸ್ಕ್ ಕಡತ ಎತ್ತಿದರೆ ಮೊದಲ ಅರ್ಧ ಹತ್ತು ಗಂಟೆಯದು, ಉಳಿದರ್ಧ ಹತ್ತೂ ಕಾಲಿನದು ಎಂಬಂತೆ ಹೊಂದಾಣಿಕೆಯಿಲ್ಲದ ನಕಲು ಸಿಗುತ್ತದೆ. ತೆರೆದರೆ ತೆರೆದೀತು, ಇಲ್ಲದಿದ್ದರೆ ಇಲ್ಲ.

ಹಳೆಯದನ್ನು ಎಷ್ಟು ದಿನ ಇಡಬೇಕು? ಕಳೆದ ಏಳು ದಿನದ್ದು ದಿನಕ್ಕೊಂದು, ಕಳೆದ ನಾಲ್ಕು ವಾರದ್ದು ವಾರಕ್ಕೊಂದು, ಆಚೆಗೆ ತಿಂಗಳಿಗೊಂದು. ಈ ಪದ್ಧತಿಗೆ ಇಂಗ್ಲಿಷಿನಲ್ಲಿ ಅಜ್ಜ-ಅಪ್ಪ-ಮಗ ಎಂದೇ ಹೆಸರು. ಕೆಟ್ಟುಹೋದ ಕಡತ ಕೆಟ್ಟಿದೆ ಎಂದು ತಿಳಿಯುವುದು ಎಷ್ಟೋ ಸಲ ತಿಂಗಳ ಮೇಲೆ. ಆಗ ನಿನ್ನೆಯ ನಕಲಿನಲ್ಲೂ ಅದು ಕೆಟ್ಟೇ ಇರುತ್ತದೆ, ಅಜ್ಜನ ಹತ್ತಿರ ಮಾತ್ರ ಸರಿ ಇರುತ್ತದೆ.

ಬೇರ್ಪಡಿಸಲು ಆಗದವರಿಗೆ

ಎಲ್ಲವೂ ಸಿ ಡ್ರೈವ್‌ನಲ್ಲೇ ಹೆಣೆದುಕೊಂಡಿರುವ ಮಷೀನುಗಳಿರುತ್ತವೆ. ಅಂಥವಕ್ಕೆ ಡಿಸ್ಕ್ ಕಡತವನ್ನು ಸಣ್ಣ ಸಣ್ಣ ತುಂಡು ಮಾಡಿ, ಹಿಂದೆ ಇಟ್ಟ ತುಂಡು ಮತ್ತೆ ಬಂದರೆ ಅದನ್ನು ಎರಡನೇ ಸಲ ಇಡದೆ, ಹೊಸ ತುಂಡನ್ನಷ್ಟೇ ಸೇರಿಸಿಕೊಳ್ಳುವ ತಂತ್ರಾಂಶಗಳು ಬಂದಿವೆ. ರೆಸ್ಟಿಕ್, ಡುಪ್ಲಿಕಾಟಿ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತವೆ. ಬೋರ್ಗ್ ಮುಖ್ಯವಾಗಿ ಲಿನಕ್ಸ್‌ನದು. ಮೂರೂ ಉಚಿತ. ದೊಡ್ಡ ಕಚೇರಿಗಳಲ್ಲಿ ಬಳಸುವ ವಿಎಂವೇರ್ 2009ರ ವಿಸ್ಫಿಯರ್ 4ರಲ್ಲೇ, ಡಿಸ್ಕಿನ ಯಾವ ಭಾಗ ಬದಲಾಯಿತೆಂದು ಗುರುತಿಟ್ಟುಕೊಳ್ಳುವ ವ್ಯವಸ್ಥೆ ತಂದಿತು. ಪ್ರಾಕ್ಸ್‌ಮಾಕ್ಸ್ ಬಳಸುವವರಿಗೆ 2020ರಿಂದ ಅದರದೇ ಬ್ಯಾಕಪ್ ಸರ್ವರ್ ಇದೆ. ಒಂದು ಡಿಟಿಪಿ ಅಂಗಡಿಗೆ ಇಷ್ಟೆಲ್ಲ ಬೇಕಿಲ್ಲ.

ಇಲ್ಲಿ ಒಂದು ತಪ್ಪು ಮಾಡಬಾರದು. ಜಾಗ ಉಳಿಯಲಿ ಎಂದು ಮೊದಲು ಜಿಪ್ ಮಾಡಿ, ಆ ಜಿಪ್ ಕಡತವನ್ನು ರೆಸ್ಟಿಕ್‌ಗೆ ಕೊಟ್ಟರೆ ಲಾಭ ತಲೆಕೆಳಗಾಗುತ್ತದೆ. ಅದುಮಿದ ಕಡತದಲ್ಲಿ ಆರಂಭದ ಸ್ವಲ್ಪ ಬದಲಾದರೂ ಮುಂದಿನದೆಲ್ಲ ಬೇರೆಯಾಗಿ ಕಾಣುತ್ತದೆ, ಹಳೆಯ ತುಂಡು ಒಂದೂ ಹೊಂದುವುದಿಲ್ಲ, ದಿನವೂ ಪೂರ್ತಿ ನಕಲೇ ಆಗುತ್ತದೆ. ಗೂಢಲಿಪಿಯಲ್ಲಿ ಬೀಗ ಹಾಕಿದ ವರ್ಚುವಲ್ ಡಿಸ್ಕ್ ಅದುಮಿದರೆ ಇಳಿಯುವುದಿಲ್ಲ. ಡಿಸ್ಕನ್ನು ಹಸಿಯಾಗಿಯೇ ಕೊಟ್ಟು, ತುಂಡು ಮಾಡುವುದು, ಬೀಗ ಹಾಕುವುದು ಎರಡನ್ನೂ ಬ್ಯಾಕಪ್ ತಂತ್ರಾಂಶಕ್ಕೇ ಬಿಡಬೇಕು. ಆ ಬೀಗದ ಪಾಸ್‌ವರ್ಡ್ ಮರೆತರೆ ಮಾತ್ರ ದೇವರೇ ಗತಿ.

ಎಲ್ಲಿ ಇಡುವುದು?

2009ರ ಅಕ್ಟೋಬರ್ 2ನ್ನು ಈ ಭಾಗದವರು ಮರೆತಿಲ್ಲ. ತುಂಗಭದ್ರೆ ಉಕ್ಕಿ ಮಂತ್ರಾಲಯಕ್ಕೆ ನೀರು ನುಗ್ಗಿತು. ರಾಯರ ಮಠ, ಅಂಗಡಿ, ಮನೆಗಳು ಮುಳುಗಿದವು. ಕೆಳಗೆ ಕರ್ನೂಲು ನಗರವೂ ಜಲಾವೃತವಾಯಿತು. ಅಂಥ ದಿನ ಟೇಬಲ್ಲಿನ ಮೇಲೆ ಗಣಕ, ಟೇಬಲ್ಲಿನ ಡ್ರಾದಲ್ಲಿ ಬ್ಯಾಕಪ್ ಡಿಸ್ಕ್ ಇದ್ದರೆ ಎರಡೂ ಒಂದೇ ನೀರಿನಲ್ಲಿ ತೇಲುತ್ತವೆ. ನದಿ ದಂಡೆಯ ಊರಿನವರಿಗೆ ದೂರದ ಪ್ರತಿ ಎಂಬುದು ಪುಸ್ತಕದ ಮಾತಲ್ಲ.

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಇದಕ್ಕೇ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಆದೋನಿಯಲ್ಲಿರುವ ಭಾವನ ಮನೆಯೋ ರಾಯಚೂರಿನ ತಂಗಿಯ ಮನೆಯೋ ಸಾಕು. ತಿಂಗಳಿಗೊಮ್ಮೆ ಹಬ್ಬಕ್ಕೆ ಹೋದಾಗ ಒಂದು ಡಿಸ್ಕ್ ಕೊಟ್ಟು ಹಳೆಯದನ್ನು ತರುವುದು. ಇದಕ್ಕೆ ಇಂಟರ್ನೆಟ್ ಬಿಲ್ಲಿಲ್ಲ.

ಇಂಟರ್ನೆಟ್ ಮೂಲಕ ಕಳಿಸುವವರು ಅಪ್‌ಲೋಡ್ ವೇಗ ನೋಡಿಕೊಳ್ಳಬೇಕು. ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೆ 8 ಜಿಬಿಗೆ ಸುಮಾರು 18 ಗಂಟೆ ಬೇಕು. ದಿನದ 50 ಎಂಬಿಗೆ ಏಳು ನಿಮಿಷ ಸಾಕು. ಗೂಗಲ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿಯಲ್ಲಿ ದಿನದ ಕೆಲಸ ಎಷ್ಟೋ ತಿಂಗಳು ನಿಲ್ಲುತ್ತದೆ. ಇಡೀ ಮಷೀನನ್ನು ಮತ್ತೆ ಮತ್ತೆ ಅಲ್ಲಿಗೆ ತಳ್ಳಲು ಹೋದರೆ ಎರಡನೇ ಸಲಕ್ಕೇ ತುಂಬುತ್ತದೆ.

ಪೆನ್‌ಡ್ರೈವ್ ಬಗ್ಗೆ ಎರಡು ಮಾತು. ಅಂಗಡಿಯಿಂದ ಬಂದಂತೆಯೇ ಬಳಸಿದರೆ ಹಲವು ಪೆನ್‌ಡ್ರೈವ್‌ಗಳು ಫ್ಯಾಟ್32 ರೂಪದಲ್ಲಿರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಕಡತ ಕೂರುವುದಿಲ್ಲ. 32 ಜಿಬಿ ಖಾಲಿ ಇದ್ದರೂ ನಕಲಾಗುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ರೂಪಕ್ಕೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಇನ್ನೊಂದು, ಜಾತ್ರೆಯಲ್ಲಿ, ಅಂತರ್ಜಾಲದಲ್ಲಿ ನಾಲ್ಕು ನೂರು ರೂಪಾಯಿಗೆ 2 ಟಿಬಿ ಎಂದು ಮಾರುವ ಪೆನ್‌ಡ್ರೈವ್. ಅದರೊಳಗೆ ಇರುವುದು ಕೆಲವೇ ಜಿಬಿ. ತುಂಬಿದ ಮೇಲೂ ಬರೆದಂತೆ ನಟಿಸುತ್ತದೆ, ತೆರೆದಾಗ ಕಡತ ಕೆಟ್ಟಿರುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಅಂತ್ಯದವರೆಗೂ ಬರೆದು, ಮತ್ತೆ ಓದಿ ನಿಜವಾದ ಗಾತ್ರ ಹೇಳುತ್ತದೆ. ಹೊಸ ಪೆನ್‌ಡ್ರೈವ್ ಕೊಂಡ ದಿನವೇ ಅದನ್ನು ಓಡಿಸಿ ನೋಡುವುದು ಲೇಸು. ಡಿವಿಡಿ ರೈಟರ್ ಇನ್ನೂ ಇರುವವರು, ಅದುಮಿದ ಮಷೀನ್ 4.3 ಜಿಬಿಯೊಳಗೆ ಬಂದರೆ ಒಂದು ಡಿವಿಡಿಗೆ ಬರೆದಿಡಬಹುದು. ಬರೆದ ಮೇಲೆ ಯಾವ ವೈರಸ್ಸೂ ಅದನ್ನು ತಿದ್ದಲಾರದು.

ವೈರಸ್ ಮಾತು ಸುಮ್ಮನೆ ಬಂದದ್ದಲ್ಲ. 2017ರ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ಸುತ್ತಿದ ವಾನಾಕ್ರೈ ಎಂಬ ಕಡತಗಳ್ಳ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳಿಗೂ ಹೊಕ್ಕಿತ್ತು. ಇಂಥವು ಗಣಕದ ಡಿಸ್ಕ್ ಜೊತೆಗೆ ಆ ಹೊತ್ತಿನಲ್ಲಿ ಜೋಡಿಸಿರುವ ಎಕ್ಸ್‌ಟರ್ನಲ್ ಡಿಸ್ಕ್‌ಗೂ ಬೀಗ ಹಾಕುತ್ತವೆ. ನಕಲು ಮುಗಿದ ಕೂಡಲೇ ಕೇಬಲ್ ಕಿತ್ತಿಡಬೇಕು. ಒಳಗಿನ ಎಕ್ಸ್‌ಪಿಗೆ ಇಂಟರ್ನೆಟ್ ಸಂಪರ್ಕವನ್ನೇ ಕೊಡದಿರುವುದು ಇನ್ನೂ ಒಳ್ಳೆಯದು. ಲಗ್ನಪತ್ರಿಕೆ ಕಟ್ಟಲು ಅದಕ್ಕೆ ಇಂಟರ್ನೆಟ್ ಬೇಕಾಗಿಲ್ಲ.

ತೆರೆದು ನೋಡದ ಬ್ಯಾಕಪ್

ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ಕಂಪನಿಯಲ್ಲಿ 2017ರ ಜನವರಿ 31ರಂದು ಸಿಬ್ಬಂದಿಯೊಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಬ್ಯಾಕಪ್‌ಗೆಂದು ಐದು ಬಗೆಯ ವ್ಯವಸ್ಥೆ ಇತ್ತು. ಹುಡುಕಿದಾಗ ಯಾವುದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ನಕಲು ಅದೃಷ್ಟವಶಾತ್ ಕೈ ಹಿಡಿಯಿತು. ಕಂಪನಿ ಇದನ್ನು ತಾನೇ ಬಹಿರಂಗವಾಗಿ ಬರೆದುಕೊಂಡಿತು.

ಅಂಗಡಿಯ ಮಟ್ಟದಲ್ಲಿ ಪರೀಕ್ಷೆ ಸುಲಭ. ಮೂರು ತಿಂಗಳಿಗೊಮ್ಮೆ ನಕಲನ್ನು ಬೇರೊಂದು ಗಣಕಕ್ಕೆ ಒಯ್ದು, ವರ್ಚುವಲ್‌ಬಾಕ್ಸ್‌ನಲ್ಲಿ ತೆರೆದು, ಒಂದು ತೆಲುಗು, ಒಂದು ಕನ್ನಡ ಪತ್ರಿಕೆ ಪ್ರಿಂಟ್ ತೆಗೆಯಬೇಕು. ಒತ್ತಕ್ಷರ ಸಹಿತ ಸರಿಯಾಗಿ ಬಂದರೆ ಬ್ಯಾಕಪ್ ಇದೆ ಎಂದರ್ಥ. ಅದೇ ಗಣಕದಲ್ಲಿ ತೆರೆಯಲು ಹೋದರೆ, ಈ ಗುರುತಿನ ಡಿಸ್ಕ್ ಆಗಲೇ ಇದೆ ಎಂದು ವರ್ಚುವಲ್‌ಬಾಕ್ಸ್ ತಡೆಯುತ್ತದೆ. ಬೇರೆ ಗಣಕವೇ ವಾಸಿ. ಸೆಟ್ಟಿಂಗ್ ಕಡತವನ್ನೂ ಜೊತೆಗೆ ಒಯ್ದಿರಬೇಕು. ಇಲ್ಲದಿದ್ದರೆ ಯಂತ್ರ ಬದಲಾಯಿತೆಂದು ತಿಳಿದು ಎಕ್ಸ್‌ಪಿ ಮತ್ತೆ ಪರವಾನಗಿ ಸಂಖ್ಯೆ ಕೇಳಬಹುದು. ಆ ಸಂಖ್ಯೆ ಒಂದು ಕಾಗದದ ಮೇಲೆ ಇರಲಿ. ಶ್ರೀಲಿಪಿಯ ಹಳೆಯ ಆವೃತ್ತಿಗಳು ಕೇಳುವ ಡಾಂಗಲ್ ಕೂಡ ಯಾವ ಬ್ಯಾಕಪ್‌ಗೂ ಬಾರದ ವಸ್ತು; ಅದನ್ನು ಬೀರುವಿನಲ್ಲೇ ಕಾಯಬೇಕು.

ಏನೂ ಇಡಲಾಗದಿದ್ದರೆ ಇಷ್ಟಾದರೂ

ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. 96 ವ್ಯವಸ್ಥೆಗಳು ಸುಟ್ಟವು. ಸರ್ಕಾರಿ ನೌಕರರು ಕೆಲಸದ ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ದತ್ತಾಂಶ ಹೋಯಿತು, ಹೊರಗೆ ಬೇರೆ ಪ್ರತಿ ಇರಲಿಲ್ಲ. ಗಾತ್ರ ತೀರಾ ದೊಡ್ಡದಾದ್ದರಿಂದ ಬ್ಯಾಕಪ್ ಸಾಧ್ಯವಿರಲಿಲ್ಲ ಎಂದು ಅಧಿಕಾರಿಗಳು ಹೇಳಿದರು. ಅಷ್ಟು ಶ್ರೀಮಂತ ಸರ್ಕಾರಕ್ಕೂ ಜಾಗ ಸಾಲಲಿಲ್ಲ! ಆದರೆ 858 ಟಿಬಿಯಲ್ಲಿ ಎಲ್ಲವೂ ಒಂದೇ ತೂಕದ್ದಾಗಿರಲಿಕ್ಕಿಲ್ಲ. ಎಲ್ಲವನ್ನೂ ಇಡಲಾಗದು ಎಂಬುದು ಒಂದನ್ನೂ ಇಡದಿರುವುದಕ್ಕೆ ಕಾರಣವಾಗಬಾರದಿತ್ತು.

ಡಿಟಿಪಿ ಅಂಗಡಿಯಲ್ಲಿ ಆಯ್ಕೆ ಕಷ್ಟವಲ್ಲ. ಎಕ್ಸ್‌ಪಿ ಹೋದರೆ ಮತ್ತೆ ಕೂರಿಸಬಹುದು. ಮದುವೆ ಮುಗಿದ ಪತ್ರಿಕೆ ಹೋದರೆ ಯಾರೂ ಕೇಳುವುದಿಲ್ಲ, ವಿನ್ಯಾಸದ ಮಾದರಿಗಳು ನಾಲ್ಕಾರು ಉಳಿದರೆ ಸಾಕು. ಪುಸ್ತಕ, ಸ್ಮರಣ ಸಂಚಿಕೆ, ವಂಶಾವಳಿ ಇವು ಹೋಗಬಾರದು. ಇವನ್ನು ಒಳಗಿನ ಗಣಕದಲ್ಲೇ ಪಿಡಿಎಫ್ ಮಾಡಿ, ಫಾಂಟ್ ಒಳಗೇ ಸೇರಿಸುವ ಆಯ್ಕೆ ಗುರುತು ಹಾಕಿದರೆ ಪೇಜ್‌ಮೇಕರ್ ಇಲ್ಲದ ಯಾವ ಗಣಕದಲ್ಲೂ, ಮೊಬೈಲ್‌ನಲ್ಲೂ ಅಕ್ಷರ ಚಾಚೂ ತಪ್ಪದೆ ಕಾಣುತ್ತದೆ. ಚಿತ್ರ ಕಡಿಮೆ ಇರುವ ನೂರು ಪುಟದ ಪುಸ್ತಕ ಕೆಲವೇ ಎಂಬಿಯಲ್ಲಿ ಮುಗಿಯುತ್ತದೆ.

ಪಿಡಿಎಫ್‌ನಲ್ಲಿ ಪದ ಹುಡುಕಲು, ತಿದ್ದಲು ಮಾತ್ರ ಆಗದು; ಒಳಗಿರುವುದು ಇನ್ನೂ ಹಳೆಯ ಸಂಖ್ಯೆಗಳೇ. ಅದಕ್ಕೆ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ ಬರೀ ಪಠ್ಯ ಕಡತವಾಗಿ ಜೊತೆಗಿಡಬೇಕು. ನುಡಿ, ಬರಹಗಳಲ್ಲಿ ಈ ಪರಿವರ್ತಕ ಇದೆ, ಅನು ಫಾಂಟಿಗೂ ಪರಿವರ್ತಕಗಳು ಸಿಗುತ್ತವೆ. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ಎರಡೂ ಭಾಷೆ ಬಲ್ಲವರೊಬ್ಬರು ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಓದಿ ತಿದ್ದಿದರೆ ಸಾಕು. ಇಷ್ಟಾದ ಮೇಲೆ ಆ ಪಿಡಿಎಫ್, ಆ ಪಠ್ಯ ಎರಡನ್ನೂ ಬರೆದವರ ಮನೆಯವರ ಮೊಬೈಲಿಗೆ ಕಳಿಸಿಬಿಟ್ಟರೆ ದೂರದ ಪ್ರತಿಯೂ ಆದಂತೆ.